ತಮ್ಮ ಐಟಿಐ ಅಂತಾನೆ, ಅಪ್ಪ ಪಿಯುಸಿ ಅಂತಾರೆ. ಬಿಇ ಮಾಡಿದ ನಾನು ಏನು ಹೇಳಲಿ?

ತಿಪಟೂರಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಹದಿನೈದು ದಿನದಿಂದ ಒಂದೇ ಜಗಳ. ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, 61 ಪರ್ಸೆಂಟ್. ಗಣಿತದಲ್ಲಿ ಹೇಗೋ ದಡ ಸೇರಿದ. ಆದರೆ ತೋಟದ ಪಂಪಿನ ಸ್ಟಾರ್ಟರ್ ಕೈಕೊಟ್ಟರೆ ಮೆಕ್ಯಾನಿಕ್ ಬರುವ ತನಕ ಕಾಯುವ ಹುಡುಗ ಅಲ್ಲ. ಫ್ಯೂಸ್ ಕಿತ್ತು, ಮುಚ್ಚಳ ಬಿಚ್ಚಿ ಕೂತುಬಿಡುತ್ತಾನೆ. ಅವನಿಗೆ ಐಟಿಐ ಸೇರಬೇಕಂತೆ. ಅಪ್ಪನಿಗೆ ಪಿಯುಸಿ ಸೈನ್ಸ್ ಬಿಟ್ಟು ಬೇರೆ ಮಾತೇ ಬೇಡ. "ಅಕ್ಕ ಬಿಇ, ತಮ್ಮ ಐಟಿಐ ಅಂದ್ರೆ ನಾಲ್ಕು ಜನ ಏನಂತಾರೆ? ನಾಳೆ ಹೆಣ್ಣು ಕೊಡೋರ್ಯಾರು?" ಅಂತಾರೆ. ಹುಡುಗನಿಗೆ ಇನ್ನೂ ಹದಿನಾರು, ಹೆಣ್ಣಿನ ಚಿಂತೆ ಈಗಲೇ ಶುರು.

ಇದರಲ್ಲಿ ನನ್ನನ್ನೇ ಉದಾಹರಣೆ ಕೊಡುತ್ತಿದ್ದಾರೆ, ಅದಕ್ಕೇ ನಗು ಬರುತ್ತದೆ. ನಾನು 2020ರಲ್ಲಿ ಮೆಕ್ಯಾನಿಕಲ್ ಬಿಇ ಮುಗಿಸಿದವಳು. ಈಗ ಬೆಂಗಳೂರಲ್ಲಿ ಕೂತು ಕಾರ್ಡ್ ಬ್ಲಾಕ್ ಆದವರ ಫೋನ್ ಎತ್ತುತ್ತೇನೆ. ನಾಲ್ಕು ವರ್ಷದಲ್ಲಿ ನಾನು ಲೇತ್ (ಲೋಹ ತಿರುಗಿಸಿ ಕಡಿಯುವ ಯಂತ್ರ) ಮುಟ್ಟಿದ್ದು ಎಷ್ಟು ಸಲ ಅಂತ ಲೆಕ್ಕ ಹಾಕಿದೆ. ಮೂರು ಸಲ. ಫಿಟ್ಟಿಂಗ್ ಲ್ಯಾಬಿನ ಜಾಬ್ ಅಂತ ತೋರಿಸಿದ್ದು ಸೀನಿಯರ್ ಮಾಡಿಟ್ಟ ಪೀಸನ್ನು. ಎಮೆರಿ ಪೇಪರಿನಲ್ಲಿ ಉಜ್ಜಿ ಹೊಳಪು ಮಾಡಿದ್ದಷ್ಟೇ ನನ್ನ ಕೆಲಸ. ಮಾರ್ಕ್ಸ್ ಚೆನ್ನಾಗೇ ಬಂತು.

ಅಪ್ಪನಿಗೆ ಇದನ್ನ ಹೇಗೆ ಹೇಳಲಿ? ಹೇಳಿದರೆ ಅವರ ದುಡ್ಡು ನೀರಲ್ಲಿ ಹೋಯಿತು ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಈ ಕ್ಷೇತ್ರದಲ್ಲಿ ಇರುವವರು ನಿಜ ಏನಿದೆಯೋ ಹೇಳಿ. ಐಟಿಐ ಸರಿಯಾ, ಡಿಪ್ಲೊಮಾನಾ, ಪಿಯುಸಿನೇ ಮಾಡಿಸಲಾ?

ಪೀಣ್ಯ ಸೆಕೆಂಡ್ ಸ್ಟೇಜ್

ಅಕ್ಕಾ, ನನ್ನದು ಪೀಣ್ಯದಲ್ಲಿ ಸಣ್ಣ ಜಾಬ್ ಶಾಪ್, ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತೇವೆ. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಓಡುವ ಲೋಹ ಕಡಿಯುವ ಮೆಷಿನ್ ಇವೆ: ಸಿಎನ್‌ಸಿ ಟರ್ನಿಂಗ್ 4, ವಿಎಂಸಿ 2. ಹದಿನೇಳು ಜನ ಇದ್ದಾರೆ. ಕೆಲಸ ಕೇಳಿಕೊಂಡು ಬಂದವರಿಗೆ ನಾನು ಸರ್ಟಿಫಿಕೇಟ್ ಆಮೇಲೆ ಕೇಳುತ್ತೇನೆ. ಮೊದಲು ಕೈಗೆ ಒಂದು ಬುಷ್ (ಲೋಹದ ಸಣ್ಣ ಕೊಳವೆ), ಒಂದು ವರ್ನಿಯರ್ (ದವಡೆ ಇರುವ ಅಳತೆ ಸಾಧನ) ಕೊಟ್ಟು "ಒಳಗಿನ ಬೋರ್ ಎಷ್ಟಿದೆ ನೋಡಪ್ಪಾ" ಅಂತೀನಿ. ಬಿಇ ಹುಡುಗರಲ್ಲಿ ಸುಮಾರು ಜನ ಕೆಳಗಿನ ದೊಡ್ಡ ದವಡೆಯಲ್ಲಿ ಹೊರಗಿನ ಅಳತೆ ತೆಗೆದು ಹೇಳುತ್ತಾರೆ. ಬೋರ್, ಅಂದರೆ ಒಳಗಿನ ತೂತು, ಅಳೆಯೋದಕ್ಕೆ ಮೇಲೆ ಪುಟ್ಟ ದವಡೆ ಇದೆ ಅನ್ನೋದೇ ಗಮನಕ್ಕೆ ಬರುವುದಿಲ್ಲ. ದಡ್ಡರು ಅಂತ ಅಲ್ಲ. ಯಾರೂ ಅವರ ಕೈಗೆ ಕೊಟ್ಟಿಲ್ಲ, ಅಷ್ಟೇ.

ನಾಲ್ಕು ವರ್ಷದ ಹಿಂದೆ ಪಾವಗಡ ಕಡೆಯ ಐಟಿಐ ಹುಡುಗ ಒಬ್ಬ ಬಂದಿದ್ದ. ವರ್ನಿಯರ್ ತಗೊಂಡವನೇ ಅಂಗಿ ತುದಿಯಲ್ಲಿ ದವಡೆ ಒರೆಸಿದ. ಪೂರ್ತಿ ಮುಚ್ಚಿ ಬೆಳಕಿಗೆ ಹಿಡಿದು ನೋಡಿದ. "ಸಾರ್, ಇದು ಎರಡು ಗೆರೆ ಜಾಸ್ತಿ ತೋರಿಸ್ತಾ ಇದೆ, ಕಳೆದು ಹೇಳ್ಲಾ?" ಅಂದ. ಎರಡು ಗೆರೆ ಅಂದರೆ 0.04 ಮಿಲಿಮೀಟರ್. ಆ ವರ್ನಿಯರ್ ಕೆಳಗೆ ಬಿದ್ದು ಕೆಟ್ಟಿದೆ ಅಂತ ಅಲ್ಲಿಯ ತನಕ ನನಗೇ ಗೊತ್ತಿರಲಿಲ್ಲ! ಅವತ್ತೇ ಸೇರಿಸಿಕೊಂಡೆ. ಹೆಲ್ಪರ್ ಆಗಿ ಬಂದವನು ಆಪರೇಟರ್ ಆದ, ಈಗ ಸೆಟ್ಟರ್, ಅಂದರೆ ಮೆಷಿನ್ ಹೊಂದಿಸಿ ಕೊಡುವವನು. ಪ್ರೋಗ್ರಾಂ ತಾನೇ ತಿದ್ದುತ್ತಾನೆ. ಶುರುವಿನಲ್ಲಿ 14 ಸಾವಿರ ಕೊಟ್ಟಿದ್ದೆ, ಈಗ 34 ಕೊಡುತ್ತಿದ್ದೇನೆ. ಕೊಡದೆ ಇದ್ದರೆ ಪಕ್ಕದ ರಸ್ತೆಯವನು ಕರೆದುಕೊಂಡು ಹೋಗುತ್ತಾನೆ.

ಹಾಗಂತ ಐಟಿಐ ಮಾಡಿದವರೆಲ್ಲ ಹೀಗೇ ಅಂತ ತಿಳಿಯಬೇಡಿ. ಎರಡು ವರ್ಷ ಫೈಲ್ (ಅರ) ಹಿಡಿಯದೆ ಪಾಸಾದವರೂ ಬರುತ್ತಾರೆ. ಕೋರ್ಸಿನ ಹೆಸರು ನೋಡಬೇಡಿ. ಅಲ್ಲಿ ಹುಡುಗನ ಕೈ ಎಷ್ಟು ದಿನ ಕಬ್ಬಿಣದ ಮೇಲಿರುತ್ತದೆ ಅಂತ ನೋಡಿ.

ಐಟಿಐ ಮೇಷ್ಟ್ರು

ಪೀಣ್ಯದ ಸಾಹೇಬ್ರು ಹೇಳಿದ್ದು ಖರೆ ಅದ. ನಾನು ಉತ್ತರ ಕರ್ನಾಟಕದ ಒಂದು ಸರ್ಕಾರಿ ಐಟಿಐನಲ್ಲಿ ಕಿರಿಯ ತರಬೇತಿ ಅಧಿಕಾರಿ, ಫಿಟ್ಟರ್ ಟ್ರೇಡ್. ಮೊದಲು ತಂಗಿಯ ಅಪ್ಪಾಜಿಗೆ ಒಂದು ವಿಷಯ ತಿಳಿಸಬೇಕು. ಐಟಿಐ ಸೇರಿದರೆ ಓದು ಅಲ್ಲಿಗೇ ಮುಗಿಯುವುದಿಲ್ಲ. ಎರಡು ವರ್ಷದ ಟ್ರೇಡ್ ಮುಗಿಸಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವನು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ದಾರಿ ಸ್ವಲ್ಪ ಸುತ್ತು, ಆದರೆ ಪ್ರತಿ ನಿಲ್ದಾಣದಲ್ಲೂ ಇಳಿದು ಕೆಲಸಕ್ಕೆ ಸೇರಿಕೊಳ್ಳಬಹುದು. ಪಿಯುಸಿ ಸೈನ್ಸಿನಲ್ಲಿ ಮಧ್ಯೆ ಎಡವಿದರೆ ಕೈಯಲ್ಲಿ ಏನೂ ಇರುವುದಿಲ್ಲ. ಗಣಿತ ಕಷ್ಟ ಅನ್ನುವ ಹುಡುಗನಿಗೆ ಇದು ದೊಡ್ಡ ಮಾತು ನೋಡ್ರಿ.

ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಿಷಿಯನ್ ಎಲ್ಲಾ 2 ವರ್ಷ. ವೆಲ್ಡರ್ ಮತ್ತು ಕಂಪ್ಯೂಟರಿನ ಕೋಪಾ 1 ವರ್ಷ. ಸ್ಟಾರ್ಟರ್ ಬಿಚ್ಚುವ ಹುಡುಗನಿಗೆ ಎಲೆಕ್ಟ್ರಿಷಿಯನ್ ಅಂತ ಎಲ್ಲರೂ ಹೇಳುತ್ತಾರೆ. ಅವನನ್ನೂ ಒಂದು ಮಾತು ಕೇಳಿ. ಅವನಿಗೆ ಕರೆಂಟ್ ಇಷ್ಟವೋ, ಬಿಚ್ಚುವುದು ಇಷ್ಟವೋ? ಎರಡೂ ಬೇರೆ.

2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆಗಿನ ಯೋಜನೆಯಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ವರ್ಕ್‌ಶಾಪ್ ಬಂತು. 4,600 ಕೋಟಿ ರೂಪಾಯಿಗೂ ಮೇಲಿನ ಯೋಜನೆ. ಸಿಎನ್‌ಸಿ, ರೋಬೋಟ್, ತ್ರೀಡಿ ಪ್ರಿಂಟರ್ ಎಲ್ಲ ಬಂದವು. ನಾನು ಐಟಿಐ ಓದುವಾಗ ನಮ್ಮ ಲೇತಿನ ಚಕ್ (ಪೀಸ್ ಹಿಡಿಯುವ ಭಾಗ) ತಿರುಗಿಸೋಕೆ ಇಬ್ಬರು ಬೇಕಿತ್ತು. ಅದಕ್ಕೆ ಹೋಲಿಸಿದರೆ ಇದು ಬೇರೆಯೇ ಲೋಕ. ಆದರೆ ಮೆಷಿನ್ ಇದ್ದರೆ ಸಾಲದು. ನಾನು ಹಿಂದೆ ಇದ್ದ ಕಡೆ ಒಂದು ಹೊಸ ಮೆಷಿನ್ ಕವರ್ ಹೊದ್ದುಕೊಂಡು ತಿಂಗಳುಗಟ್ಟಲೆ ನಿಂತಿತ್ತು, ಕಡಿಯಲು ಕಚ್ಚಾ ಸಾಮಾನು ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಸೇರಿಸುವ ಮುಂಚೆ ಒಂದು ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಮೆಷಿನ್ ಸದ್ದು ಕೇಳುತ್ತಿದೆಯಾ, ನೆಲದ ಮೇಲೆ ಚಿಪ್ಸ್ (ಕಡಿದ ಲೋಹದ ಚೂರು) ಬಿದ್ದಿದೆಯಾ ನೋಡಿ. ನೆಲ ತೀರಾ ಸ್ವಚ್ಛ ಇದ್ದರೆ ಅನುಮಾನ ಪಡಿ.

ಐಟಿಐ ಆದ ಮೇಲೆ ಅಪ್ರೆಂಟಿಸ್‌ಶಿಪ್ (ಕಂಪನಿಯಲ್ಲಿ ಸ್ಟೈಪೆಂಡ್ ಪಡೆದು ಕೆಲಸ ಕಲಿಯುವುದು) ಮಾಡಿಸಿ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಅಪ್ರೆಂಟಿಸ್ ತಗೊಳ್ಳಲೇಬೇಕು ಅಂತ ನಿಯಮವಿದೆ, ಒಟ್ಟು ಜನರಲ್ಲಿ 2.5ರಿಂದ 15 ಪರ್ಸೆಂಟ್. ಅದು ಮುಗಿಸಿ ಪರೀಕ್ಷೆ ಪಾಸಾದರೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್) ಸಿಗುತ್ತದೆ.

ಹೆಸರು ಬೇಡ

ಮೇಷ್ಟ್ರೇ, ಅಪ್ರೆಂಟಿಸ್ ಅಂದರೆ ಅಷ್ಟು ಚೆಂದ ಅಂತ ಹೇಳಬೇಡಿ. ನಾನೂ ಫಿಟ್ಟರ್. ಬೆಂಗಳೂರಿನ ಹೊರಗೆ ಒಂದು ದೊಡ್ಡ ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಮಾಡಿದೆ. ಮೊದಲ ವಾರ ಸೇಫ್ಟಿ ಕ್ಲಾಸ್, ಶೂ ಕೊಟ್ಟರು, ಫೋಟೋ ತೆಗೆದರು. ಆಮೇಲೆ ಹನ್ನೊಂದು ತಿಂಗಳು ಪ್ಯಾಕಿಂಗ್. ಡಬ್ಬಕ್ಕೆ ಫೋಮ್ ಇಡು, ಪೀಸ್ ಇಡು, ಟೇಪ್ ಹಾಕು. ನನ್ನ ಕೈ ಇವತ್ತಿಗೂ ಕಣ್ಣು ಮುಚ್ಚಿ ಟೇಪ್ ಕತ್ತರಿಸುತ್ತದೆ. ಪಕ್ಕದಲ್ಲಿ ಅದೇ ಕೆಲಸ ಮಾಡುವ ಕಂಟ್ರಾಕ್ಟ್ ಹುಡುಗನಿಗೆ ನನ್ನ ಸ್ಟೈಪೆಂಡಿನ ಒಂದೂವರೆ ಪಟ್ಟು ಸಂಬಳ. ವರ್ಷ ಮುಗಿದ ದಿನ ಸ್ವೀಟ್ ಬಾಕ್ಸ್ ಕೊಟ್ಟು ಕಳಿಸಿದರು. ನನ್ನ ಜಾಗಕ್ಕೆ ಮಾರನೇ ದಿನ ಹೊಸ ಬ್ಯಾಚ್ ಬಂತು.

ಓದನ್ನೂ ಕೆಲಸವನ್ನೂ ಜೋಡಿಸುತ್ತೇವೆ ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಜೋಡಿಸಿದ ಮೇಲೆ ಅದರಲ್ಲಿ ಹರಿಯುವುದು ಪಾಠವೋ ಅಗ್ಗದ ಕೂಲಿಯೋ ಅಂತ ಯಾರೂ ನೋಡುವುದಿಲ್ಲ.

ಐಟಿಐ ಮೇಷ್ಟ್ರು

ತಮ್ಮಾ, ನೀ ಹೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನನ್ನ ಹುಡುಗರೂ ಹೀಗೇ ಬಂದು ಹೇಳಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಮಾಲೀಕ ಪ್ರತಿ ಅಪ್ರೆಂಟಿಸಿನ ಕಲಿಕೆಯ ಪ್ರಗತಿ ದಾಖಲೆ ಇಡಬೇಕು ಅಂತ ಇದೆ. ಇಡುತ್ತಾರೆ, ಕಾಗದದ ಮೇಲೆ. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಮಾತ್ರ ಕಾಯ್ದೆಯಲ್ಲಿ ಇಲ್ಲ. ಅದನ್ನು ಸೇರುವ ದಿನವೇ ತಿಳಿದುಕೊಂಡಿರಬೇಕು.

ಸ್ಟುಟ್‌ಗಾರ್ಟ್ ಕನ್ನಡಿಗ

ನಾನು ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಆ್ಯಂಡ್ ಡೈ, ಅಂದರೆ ಅಚ್ಚು ಮಾಡುವ ಕೋರ್ಸ್, ಓದಿದವನು. ಆಮೇಲೆ ಕೆಲಸ ಹುಡುಕಿಕೊಂಡು ಜರ್ಮನಿಗೆ ಬಂದೆ. ಪ್ಯಾಕಿಂಗ್ ಅಣ್ಣನ ಮಾತು ಓದಿ ಬರೆಯಬೇಕು ಅನ್ನಿಸಿತು.

ಇಲ್ಲಿ ಔಸ್‌ಬಿಲ್ಡುಂಗ್ ಅಂತ ಪದ್ಧತಿ. ಹುಡುಗ ವಾರದಲ್ಲಿ ಒಂದೆರಡು ದಿನ ಶಾಲೆಗೆ ಹೋಗುತ್ತಾನೆ, ಉಳಿದ ದಿನ ಕಂಪನಿಯಲ್ಲಿ. ನಮ್ಮ ಫಿಟ್ಟರಿಗೆ ಹತ್ತಿರದ ಇಂಡಸ್ಟ್ರೀ ಮೆಕಾನಿಕರ್ ಅನ್ನುವುದು ಮೂರೂವರೆ ವರ್ಷ. ಇದೆಲ್ಲಾ ನೆಟ್ಟಲ್ಲಿ ಸಿಗುತ್ತದೆ. ನಾನು ಹೇಳಬೇಕಿರುವುದು ಒಂದು ಪುಸ್ತಕದ ವಿಷಯ. ಪ್ರತಿ ಹುಡುಗನ ಹತ್ತಿರ ಒಂದು ವರದಿ ಪುಸ್ತಕ ಇರುತ್ತದೆ. ಈ ವಾರ ಏನು ಮಾಡಿದೆ ಅಂತ ಅವನೇ ಬರೆಯಬೇಕು, ಕಲಿಸುವವನು ಸಹಿ ಹಾಕಬೇಕು. ಅದು ಇಲ್ಲದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಮಾಡುವುದು ಕಂಪನಿ ಅಲ್ಲ, ಆ ಪ್ರದೇಶದ ಕೈಗಾರಿಕೆ ಮತ್ತು ವಾಣಿಜ್ಯ ಮಂಡಳಿ. ಹನ್ನೊಂದು ತಿಂಗಳು ಟೇಪ್ ಹಾಕಿಸಿದರೆ ಪುಸ್ತಕದಲ್ಲಿ ಹನ್ನೊಂದು ತಿಂಗಳು ಟೇಪ್ ಅಂತಲೇ ಇರುತ್ತದೆ. ಹುಡುಗ ಪರೀಕ್ಷೆಯಲ್ಲಿ ಬಿದ್ದರೆ ಕಂಪನಿಯ ಮರ್ಯಾದೆಯೂ ಹೋಗುತ್ತದೆ.

ಇಲ್ಲೂ ಎಲ್ಲಾ ಚೆನ್ನಾಗಿದೆ ಅಂತಲ್ಲ. ಬೆಳಿಗ್ಗೆ ಕಾಫಿ ತರಿಸುವವರು, ಗುಡಿಸಲು ಹಚ್ಚುವವರು ಇಲ್ಲೂ ಇದ್ದಾರೆ. ಮತ್ತೆ, ಊರಲ್ಲಿ ಏಜೆಂಟರು "ಔಸ್‌ಬಿಲ್ಡುಂಗ್ ವೀಸಾ" ಅಂತ ಲಕ್ಷಗಟ್ಟಲೆ ಕೇಳುತ್ತಿದ್ದಾರಂತೆ. ಜರ್ಮನ್ ಭಾಷೆ ಬಿ1 (ಮಧ್ಯಮ) ಮಟ್ಟಕ್ಕೆ ಬರದೆ ಇಲ್ಲಿ ಶಾಲೆಯಲ್ಲಿ ಕೂತರೆ ಗೋಡೆ ನೋಡಿದ ಹಾಗೆ. ದುಡ್ಡು ಕೊಡುವ ಮುಂಚೆ ಭಾಷೆ ಕಲಿಯಿರಿ.

ಅಕ್ಕಾ, ಜಿಟಿಟಿಸಿ ಒಂದು ಸಲ ನೋಡಿ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಲ್ಲಿ ಶುರುವಾಗಿದ್ದು, ಈಗ ಹಾಸನ, ಮೈಸೂರು, ಹುಬ್ಬಳ್ಳಿ ಹೀಗೆ ತುಂಬಾ ಕಡೆ ಇದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರಬಹುದು. ಮೂರು ವರ್ಷ ಓದು, ಒಂದು ವರ್ಷ ಕಂಪನಿಯಲ್ಲಿ. ಅಲ್ಲಿ ಹೊರಗಿನ ಕಂಪನಿಗಳ ನಿಜವಾದ ಆರ್ಡರ್ ಬರುತ್ತದೆ. ನಾವು ಸೆಕೆಂಡ್ ಇಯರಿನಲ್ಲಿ ಕೆಡಿಸಿದ ಪೀಸಿಗೆ ಬೈಸಿಕೊಂಡದ್ದು ಪರೀಕ್ಷೆಗೆ ಅಂತ ಅಲ್ಲ, ಗಿರಾಕಿ ಕಾಯುತ್ತಿದ್ದ ಅಂತ. ಆ ಬೈಗುಳ ಇವತ್ತಿಗೂ ನೆನಪಿದೆ.

ಕೋಲಾರದ ಹುಡುಗಿ

ಎಲ್ಲರೂ ಹುಡುಗರ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ನಮ್ಮ ಕಡೆ ನರಸಾಪುರದಲ್ಲಿ, ಈಗ ದೇವನಹಳ್ಳಿಯಲ್ಲಿ ಫೋನ್ ಕಾರ್ಖಾನೆ ಬಂದಮೇಲೆ ಹುಡುಗಿಯರಿಗೆ ಕೆಲಸಕ್ಕೆ ಬರ ಇಲ್ಲ. ಹಳ್ಳಿಗೇ ಬಸ್ ಬರುತ್ತದೆ. ಇದು ಸಣ್ಣ ವಿಷಯ ಅಲ್ಲ. ನನ್ನ ಅತ್ತಿಗೆ ಹತ್ತನೇ ಕ್ಲಾಸಿಗೆ ಓದು ಬಿಟ್ಟು ಮದುವೆ ಆದವರು, ನಾನು ನನ್ನ ಸಂಬಳದಲ್ಲಿ ಮನೆಗೆ ಫ್ರಿಡ್ಜ್ ತಂದೆ.

ಆದರೆ ಕೆಲಸ ಸಿಕ್ಕಿತು, ಮುಂದೆ? ನಾನಿದ್ದ ಲೈನಿನಲ್ಲಿ (ಯಾವ ಕಂಪನಿ ಅಂತ ಕೇಳಬೇಡಿ) ನನ್ನ ಸ್ಟೇಷನ್ನಿಗೆ ಬರುವ ಪೀಸಿನಲ್ಲಿ ಮೂರು ಸ್ಕ್ರೂ. ಎರಡು ವರ್ಷ ಅದೇ ಮೂರು ಸ್ಕ್ರೂ. ಡಿಪ್ಲೊಮಾದಲ್ಲಿ ಓದಿದ ಸರ್ಕ್ಯೂಟ್ ಎಲ್ಲಾ ಮರೆಯುತ್ತಾ ಬಂತು. ಒಂದು ದಿನ ಮೇಂಟೆನೆನ್ಸ್ ಅಣ್ಣ ಒಬ್ಬರು ಸ್ಕ್ರೂ ಹಾಕುವ ಮೆಷಿನ್ ಟ್ರಯಲ್ ಮಾಡುತ್ತಿದ್ದರು. ನನ್ನ ಕೆಲಸ ಅದು ನನಗಿಂತ ಬೇಗ ಮಾಡಿತು. ಸಂಜೆ ಹಾಸ್ಟೆಲಿಗೆ ಹೋಗಿ ಅತ್ತುಬಿಟ್ಟೆ. ಮಾರನೇ ದಿನ ಅವರ ಹತ್ತಿರ ಹೋಗಿ "ಅಣ್ಣಾ, ಇದು ನಿಂತರೆ ಯಾರು ಸರಿ ಮಾಡ್ತಾರೆ?" ಅಂತ ಕೇಳಿದೆ. ಆರು ತಿಂಗಳು ಅವರ ಹಿಂದೆ ಬಿದ್ದು ಮೇಂಟೆನೆನ್ಸಿಗೆ ಬದಲಾಯಿಸಿಕೊಂಡೆ. ಸೆನ್ಸರ್ ಯಾಕೆ ಕೈಕೊಡುತ್ತೆ, ಪಿಎಲ್‌ಸಿಯಲ್ಲಿ (ಮೆಷಿನ್ ನಡೆಸುವ ಕಂಪ್ಯೂಟರ್) ಯಾವ ಇನ್‌ಪುಟ್ ಬರುತ್ತಿಲ್ಲ ಅಂತ ಈಗ ನೋಡಲು ಬರುತ್ತದೆ. ಆ ಟೀಮಿನಲ್ಲಿ ನಾನೊಬ್ಬಳೇ ಹುಡುಗಿ. ಶುರುವಿನಲ್ಲಿ ಟೂಲ್ ಬಾಕ್ಸ್ ನನ್ನ ಕೈಗೆ ಕೊಡದೆ ತಾವೇ ಹೊರುತ್ತಿದ್ದರು. ಈಗ ಕೊಡುತ್ತಾರೆ, ಸ್ವಲ್ಪ ಜಾಸ್ತಿನೇ ಕೊಡುತ್ತಾರೆ.

ಶಿವಮೊಗ್ಗ ಬಿಕಾಂ

ನೀವೆಲ್ಲಾ ಮೆಷಿನ್ ಕಡೆಯವರು, ನಮ್ಮ ಬಿಕಾಂ ಕಥೆ ಕೇಳಿ ಮಾರಾಯ್ರೆ. ನಮ್ಮ ಜೂನಿಯರ್ಸ್ ಸೇರುವಾಗ ಹೊಸ ಶಿಕ್ಷಣ ನೀತಿ, ನಾಲ್ಕು ವರ್ಷದ ಡಿಗ್ರಿ ಅಂದರು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ತಂದಿತು. ಸಿಲಬಸ್ ಬದಲಾಗಿದ್ದೇ ಬದಲಾಗಿದ್ದು. ಆದರೆ ಡಿಗ್ರಿ ಮುಗಿಸಿ ಹೊರಬಂದಾಗ ಯಾರಿಗೂ ಜಿಎಸ್‌ಟಿ ರಿಟರ್ನ್ ಹಾಕಲು ಬರುತ್ತಿರಲಿಲ್ಲ. ಅದು 2017ರಿಂದ ಇದೆ! ಯುವನಿಧಿಯಲ್ಲಿ ತಿಂಗಳಿಗೆ 3,000 ಬಂತು. ಅದರಲ್ಲೇ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಕ್ಲಾಸ್ ಫೀಸು ಕಟ್ಟಿದೆ. ಯುವನಿಧಿಯ ಬಗ್ಗೆ ಏನೇ ಜಗಳ ಇರಲಿ, ನನಗೆ ಬಸ್ ಚಾರ್ಜಿಗೆ ಅಪ್ಪನ ಮುಂದೆ ಕೈ ಚಾಚುವುದು ತಪ್ಪಿತು.

ನಿಜವಾದ ಪಾಠ ಆಗಿದ್ದು ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್ ಆಫೀಸಿನಲ್ಲಿ. ತಿಂಗಳ 20ನೇ ತಾರೀಕು ಹತ್ತಿರ ಬಂದರೆ ಅಲ್ಲಿ ಮದುವೆ ಮನೆ. ಅಂಗಡಿಯವರು ಬಿಲ್ಲುಗಳನ್ನು ಅಡಿಕೆ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ, ಸುಳ್ಳಲ್ಲ.

ಮಡಿಕೇರಿ ಟು ಮಾರತ್ತಹಳ್ಳಿ

ಐಟಿಯಲ್ಲಿ ಇರುವವನು ನಾನು, ಟೆಸ್ಟಿಂಗ್. ಅಕ್ಕನ ಅಪ್ಪ "ಸೈನ್ಸ್, ಆಮೇಲೆ ಕಂಪ್ಯೂಟರ್ ಸೈನ್ಸ್" ಅಂತ ಲೆಕ್ಕ ಹಾಕಿರಬಹುದು. 2025ರಲ್ಲಿ ಟಿಸಿಎಸ್ಸಿನಂಥ ಕಂಪನಿಯೇ ಸುಮಾರು 12,000 ಜನರನ್ನು ಕಡಿಮೆ ಮಾಡುತ್ತೇವೆ ಅಂತ ಹೇಳಿತು. ನನ್ನ ಟೀಮಿನಲ್ಲಿ ಫ್ರೆಶರ್ ಮಾಡುತ್ತಿದ್ದ ಟೆಸ್ಟ್ ಕೇಸ್ (ಸಾಫ್ಟ್‌ವೇರಿನಲ್ಲಿ ಏನೇನು ಪರೀಕ್ಷಿಸಬೇಕು ಅನ್ನುವ ಪಟ್ಟಿ) ಬರೆಯುವ ಕೆಲಸ ಈಗ ಎಐ ಮಾಡುತ್ತದೆ, ನಾನು ಕೂತು ತಪ್ಪು ಹುಡುಕುತ್ತೇನೆ. ತಪ್ಪು ಹುಡುಕಲು ನನಗೆ ಬಂದದ್ದು ಹೇಗೆ? ಮೂರು ವರ್ಷ ನಾನೇ ಬರೆದು ತಪ್ಪು ಮಾಡಿ. ಈಗ ಬರುವ ಹುಡುಗರಿಗೆ ಆ ಮೂರು ವರ್ಷ ಎಲ್ಲಿಂದ ತರುವುದು? ನನಗೆ ಗೊತ್ತಿಲ್ಲ. ನಮ್ಮ ಮ್ಯಾನೇಜರಿಗೂ ಗೊತ್ತಿಲ್ಲ.

ಪೀಣ್ಯ ಸೆಕೆಂಡ್ ಸ್ಟೇಜ್

ನಮ್ಮಲ್ಲೂ ಅದೇ ಅಣ್ಣಾ. ಈಗ ಸಾಫ್ಟ್‌ವೇರ್ ಡ್ರಾಯಿಂಗ್ ನೋಡಿ ಪ್ರೋಗ್ರಾಂ ಕೊಟ್ಟುಬಿಡುತ್ತದೆ. ಆದರೆ ಆಫ್‌ಸೆಟ್ (ಮೆಷಿನ್ನಿಗೆ ಕೊಡುವ ಟೂಲಿನ ಅಳತೆ) ತಪ್ಪು ಇಟ್ಟು ಜಿ00 (ಪೂರ್ತಿ ವೇಗದಲ್ಲಿ ಸರಿ ಅನ್ನುವ ಆಜ್ಞೆ) ಕೊಟ್ಟರೆ ಟೂಲ್ ನೇರ ಜಾಬಿಗೆ ಹೋಗಿ ಗುದ್ದುತ್ತದೆ. ಸ್ಪಿಂಡಲ್ (ತಿರುಗುವ ಮುಖ್ಯ ದಂಡ) ಹೋದರೆ ಲಕ್ಷಗಟ್ಟಲೆ ನನ್ನ ಜೇಬಿಂದ. ಸಿಂಗಲ್ ಬ್ಲಾಕಿನಲ್ಲಿ ಹಾಕಿ, ಒಂದೊಂದೇ ಸಾಲು ಓಡಿಸಿ, ಕೈ ಫೀಡ್ ಗುಂಡಿಯ ಮೇಲಿಟ್ಟು, ಕಿವಿ ಮೆಷಿನ್ ಕಡೆ ಇಟ್ಟು ನಿಲ್ಲುವವನು ಬೇಕೇ ಬೇಕು. ಆ ಪಾವಗಡದ ಹುಡುಗ ಸದ್ದಿನಲ್ಲೇ "ಇನ್ಸರ್ಟ್ ಹೋಗಿದೆ ಸಾರ್" ಅಂತಾನೆ, ಅಂದರೆ ಟೂಲಿನ ಕಡಿಯುವ ತುದಿ ಹಾಳಾಗಿದೆ ಅಂತ.

ನನ್ನ ತಪ್ಪೂ ಒಪ್ಪಿಕೊಳ್ಳುತ್ತೇನೆ. ನಾವು ಸಣ್ಣ ಶಾಪಿನವರು ಎಲ್ಲರೂ ಅನುಭವ ಇರುವವನೇ ಬೇಕು ಅಂತ ಬೋರ್ಡ್ ಹಾಕುತ್ತೇವೆ. ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಕಲಿಸಿದರೆ ಪಕ್ಕದವನು ಎತ್ತಿಕೊಂಡು ಹೋಗುತ್ತಾನೆ ಅಂತ ಭಯ. ಹೆಸರು ಬೇಡ ಅಂತ ಬರೆದ ತಮ್ಮಾ, ನಿನಗೆ ಡ್ರಾಯಿಂಗ್ ಓದಲು ಬಂದರೆ ನನಗೆ ಮೆಸೇಜ್ ಮಾಡು. ಬರದಿದ್ದರೂ ಮಾಡು.

ಅಕ್ಕಾ, ನಿಮ್ಮ ತಮ್ಮನನ್ನೂ ಅಪ್ಪನನ್ನೂ ಒಂದು ದಿನ ಕರೆದುಕೊಂಡು ಬನ್ನಿ. ಮೆಷಿನ್ ಮುಟ್ಟಿಸುವುದಿಲ್ಲ, ಇನ್ನೂ ಚಿಕ್ಕವನು. ನೋಡಿಕೊಂಡು ಹೋಗಲಿ. ಊಟ ನಮ್ಮ ಕಡೆಯಿಂದ.

ತಿಪಟೂರಿನ ಅಕ್ಕ (ಮೂರು ವಾರದ ನಂತರ)

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಮೇಷ್ಟ್ರು ಹೇಳಿದ ಹಾಗೆ ಹನ್ನೊಂದು ಗಂಟೆ ಪರೀಕ್ಷೆ ಮಾಡಿದೆವು. ಎರಡು ಐಟಿಐ ನೋಡಿದೆವು. ಒಂದು ಕಡೆ ನೆಲ ನಮ್ಮ ಮನೆ ಹಜಾರಕ್ಕಿಂತ ಸ್ವಚ್ಛ ಇತ್ತು. ಆಮೇಲೆ ಅರಸೀಕೆರೆ ಮೇಲೆ ಹಾಸನಕ್ಕೆ ಹೋಗಿ ಜಿಟಿಟಿಸಿ ನೋಡಿದೆವು. ಅಲ್ಲಿ ಒಬ್ಬ ಹುಡುಗ ಪ್ಲಾಸ್ಟಿಕ್ ಮುಚ್ಚಳದ ಅಚ್ಚಿಗೆ ಪಾಲಿಶ್ ಮಾಡುತ್ತಿದ್ದ. ಅಪ್ಪ ಬಗ್ಗಿ ನೋಡಿದರೆ ಅದರಲ್ಲಿ ಅವರ ಮುಖ ಕಾಣಿಸಿತು, ಕನ್ನಡಿ ಥರ. "ಇದು ಕೈಯಲ್ಲೇ ಮಾಡಿದ್ದಾ?" ಅಂತ ಎರಡು ಸಲ ಕೇಳಿದರು. ಹುಡುಗ ತಲೆ ಎತ್ತದೆ "ಹೂಂ ಸಾರ್, ಹನ್ನೊಂದು ದಿನ ಆಯ್ತು" ಅಂದ.

ಪೀಣ್ಯಕ್ಕೂ ಹೋಗಿದ್ದೆವು. ಅಣ್ಣಾ, ಊಟ ಚೆನ್ನಾಗಿತ್ತು. ನನ್ನ ಕೈಗೂ ಆ ಬುಷ್ ಕೊಟ್ಟಿರಿ, ಮರೆಯಲ್ಲ. ನಾನು ಮೇಲಿನ ದವಡೆಯಲ್ಲೇ ಅಳೆದೆ, ಆದರೆ ಸೊನ್ನೆ ನೋಡಲು ಮರೆತೆ. ಕಾರಿಡಾರಿನಲ್ಲಿ ಅಪ್ಪ ಮೆಲ್ಲಗೆ ಕೇಳಿದರು, "ನಿಂಗೆ ಕಾಲೇಜಲ್ಲಿ ಇದೆಲ್ಲಾ ಹೇಳಿಕೊಟ್ಟಿರಲಿಲ್ವಾ?" ಇಲ್ಲಪ್ಪಾ ಅಂದೆ. ಅಷ್ಟು ಹೇಳಲು ನನಗೆ ಐದು ವರ್ಷ ಬೇಕಾಯಿತು. ಅವರು ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟರು.

ತಮ್ಮ ಜಿಟಿಟಿಸಿಗೆ ಅರ್ಜಿ ಹಾಕಿದ್ದಾನೆ. ಸಿಗದಿದ್ದರೆ ಸದ್ದು ಕೇಳಿಸಿದ ಐಟಿಐನಲ್ಲಿ ಮೆಷಿನಿಸ್ಟ್. ಕರೆಂಟ್ ಇಷ್ಟವೋ ಬಿಚ್ಚೋದು ಇಷ್ಟವೋ ಅಂತ ಕೇಳಿದ್ದಕ್ಕೆ "ಬಿಚ್ಚೋದು" ಅಂದ, ಯೋಚನೆಯೇ ಮಾಡಲಿಲ್ಲ. ನಾನು ಭಾನುವಾರಗಳಲ್ಲಿ ಪಿಎಲ್‌ಸಿ ಕ್ಲಾಸಿಗೆ ಸೇರಿದ್ದೇನೆ. ಕೋಲಾರದ ತಂಗಿ, ನಿನಗೆ ಮೆಸೇಜ್ ಮಾಡಿದ್ದೇನೆ, ನೋಡು.

ಬೆಂಗಳೂರಿಂದ ವಾಪಸ್ ಬರುವ ಮುಂಚೆ ಎಸ್‌ಪಿ ರೋಡಿನಲ್ಲಿ ತಮ್ಮನಿಗೆ ಅಂತ ಒಂದು ವರ್ನಿಯರ್ ಕೊಂಡೆವು. ಅದು ಅವನ ಕೈಗೆ ಸಿಗುತ್ತಲೇ ಇಲ್ಲ. ಅಪ್ಪ ಅಟ್ಟದಿಂದ ಉಂಡೆ ಕೊಬ್ಬರಿ ಇಳಿಸಿ, ಒಡೆದು, ಬಟ್ಟಲಿನ ಅಂಚು ಅಳೆಯುತ್ತಾ ಕೂತಿದ್ದಾರೆ. ಪಕ್ಕದ ತೋಟದವರದ್ದು ನಮ್ಮದಕ್ಕಿಂತ ತೆಳು ಅಂತೆ, ಮುಕ್ಕಾಲು ಮಿಲಿಮೀಟರ್.

ಪೀಣ್ಯ ಸೆಕೆಂಡ್ ಸ್ಟೇಜ್

ಸೊನ್ನೆ ನೋಡಿ ಅಳೆದರಾ ಕೇಳಿ.